ಕೇಳಬೇಕಾಗಿಲ್ಲ ಎನ್ನುವವರಿಗೆ

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಹೋಟೆಲಿನಲ್ಲಿ ನೀವು ಕೈ ತೊಳೆದ ನೀರು ಇಳಿಜಾರು ಹಿಡಿದು ಹಲಸೂರಿನ ಕಡೆಗೆ ಹೋಗುತ್ತದೆ. ಅಲ್ಲಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. 2018ರ ಜೂನ್‌ನಿಂದೀಚೆಗೆ ಆ ಕಣಿವೆಯಲ್ಲಿ ಸಂಸ್ಕರಿಸಿದ ನೀರು ಪೈಪು ಹತ್ತಿ ಕೋಲಾರದ ಕೆರೆಗಳನ್ನು ಸೇರುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ, 126 ಕೆರೆ. ನಾವು ಕೆಲವರು ಹೇಳಿದ್ದು ಇಷ್ಟೇ: ಇಂಥ ಕೆಲಸಕ್ಕೆ ಮುಂಚೆ ಆ ನೀರು ಯಾರ ಹೊಟ್ಟೆಗೆ ಹೋಗುತ್ತದೋ ಅವರನ್ನು ಕೇಳಬೇಕು. ಇದಕ್ಕೆ ಬಂದ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಓದುಗರೇ ತೂಗಿ ನೋಡಲಿ.

ಮೊದಲ ವಾದ: ಇದು ತಾಂತ್ರಿಕ ವಿಷಯ, ಜನಕ್ಕೆ ಏನು ತಿಳಿಯುತ್ತದೆ? ತಿಳಿಯುವುದು ಹೀಗೆ. ಶಿವಾಜಿನಗರದ ಹಿಂಗಲ್ಲಿಗಳಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯ ಅಂಚಿನಲ್ಲೇ ಓಡುತ್ತದೆ. ನೀರು ನಿಲ್ಲಿಸಿದ ಹೊತ್ತಿನಲ್ಲಿ ಪೈಪಿನೊಳಗಿನ ಒತ್ತಡ ಕುಸಿಯುತ್ತದೆ. ಎಲ್ಲಿ ಸೀಳಿದೆಯೋ ಅಲ್ಲಿ ಹೊರಗಿನ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಎಂಜಿನಿಯರು ಇದನ್ನು ಪುಸ್ತಕದಲ್ಲಿ ಓದುತ್ತಾರೆ. ಆ ಗಲ್ಲಿಯ ಹೆಂಗಸು ಮೊದಲೆರಡು ಬಿಂದಿಗೆ ಮೂಸಿ ನೋಡಿ ಬಚ್ಚಲಿಗೆ ಚೆಲ್ಲಿ, ಮೂರನೆಯದನ್ನು ಕುದಿಯಲು ಇಡುತ್ತಾಳೆ. ಯಾವ ತಿರುವಿನಿಂದ ಆಚೆ ವಾಸನೆ ಶುರುವಾಗುತ್ತದೆ ಎಂಬುದು ಜಲಮಂಡಳಿಯ ನಕ್ಷೆಯಲ್ಲಿಲ್ಲ, ಅವಳಿಗೆ ಗೊತ್ತಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಿದ್ದಾಗ ಕೈಪಂಪಿನ ನೀರೇ ಕಾರಣ ಎಂದವನು ಡಾಕ್ಟರ್ ಜಾನ್ ಸ್ನೋ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ನಂಬಿದ್ದ ಸರ್ಕಾರಿ ಪರಿಣತರು ಒಪ್ಪಲಿಲ್ಲ. ಮನೆಮನೆ ತಿರುಗಿ, ಪಂಪಿನ ಪಕ್ಕದ ಮನೆಯ ಕಾಯಿಲೆ ಕೂಸಿನ ಬಟ್ಟೆ ಒಗೆದ ನೀರು ಬಾವಿಗೆ ಜಿನುಗಿದ್ದನ್ನು ಪತ್ತೆ ಮಾಡಿದವನು ಹೆನ್ರಿ ವೈಟ್‌ಹೆಡ್, ಆ ಕೇರಿಯ ಪಾದ್ರಿ. ಪರಿಣತಿಯ ಕಥೆ ಹೇಳುವವರು ಅರ್ಧ ಕಥೆಗೇ ನಿಲ್ಲಿಸುತ್ತಾರೆ. ಇನ್ನು ನಮ್ಮದೇ ಉದಾಹರಣೆ: ನೀರು ಹರಿಸಿದ ಮರುತಿಂಗಳು, 2018ರ ಜುಲೈನಲ್ಲಿ, ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ನೊರೆ ಕಾಣಲು ಯಾವ ಪದವಿ ಬೇಕು?

ಎರಡನೆಯ ವಾದ: ಜನರನ್ನು ಕೇಳಿ ಎಂದು ಕಾನೂನು ಹೇಳುವುದಿಲ್ಲ. ನಿಜ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕೈಗಾರಿಕೆಗಳ ಸಾಮೂಹಿಕ ತ್ಯಾಜ್ಯನೀರು ಘಟಕ ಇದೆ, ನಗರದ ಒಳಚರಂಡಿ ಘಟಕ ಇಲ್ಲ. ಆದ್ದರಿಂದ ಸಾರ್ವಜನಿಕ ಆಲಿಕೆಯ ಬಾಧ್ಯತೆಯೂ ಇಲ್ಲ. ಒಪ್ಪಿದೆ. ಆದರೆ ಕಾನೂನು ಬೇಡ ಎಂದೂ ಹೇಳಿಲ್ಲ. ಅದು ಸುಮ್ಮನಿದೆ, ಇವರು ಆ ಮೌನವನ್ನು ಆಜ್ಞೆ ಎಂದು ಓದುತ್ತಾರೆ. ಹೋಗಲಿ, ಕಾನೂನು ಕೇಳುವ ಕಡೆಯಾದರೂ ಗೌರವ ಉಂಟೇ? 2020ರ ಕರಡು ಅಧಿಸೂಚನೆ, ಜನರಿಗೆ ಪ್ರತಿಕ್ರಿಯಿಸಲು ಇದ್ದ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. ಜನಾಭಿಪ್ರಾಯ ಕೇಳಿದ ಆ ಕರಡು ಕನ್ನಡದಲ್ಲಿ ಸಿಗಲಿಲ್ಲ. ಅದಕ್ಕೇ ಕರ್ನಾಟಕ ಹೈಕೋರ್ಟ್ ಅಂತಿಮ ಪ್ರಕಟಣೆಗೆ ತಡೆ ಹಾಕಬೇಕಾಯಿತು. ಕಾನೂನಿಲ್ಲದ ಕಡೆ ಕಾನೂನಿಲ್ಲ ಎನ್ನುವುದು, ಇರುವ ಕಡೆ ಅದನ್ನು ಕತ್ತರಿಸುವುದು: ಇದಕ್ಕೆ ಕಾನೂನುಪಾಲನೆ ಎಂಬ ಹೆಸರು ಒಪ್ಪುವುದಿಲ್ಲ.

ಮೂರನೆಯದು ಕೇಳಲು ಗಂಭೀರವಾಗಿದೆ: ಜನ ಆರಿಸಿದ ಪ್ರತಿನಿಧಿಗಳು ಇದ್ದಾರಲ್ಲ, ಮತ್ತೆ ಸಭೆ ಯಾಕೆ? ಎಲ್ಲಿದ್ದಾರೆ ಸ್ವಾಮಿ? ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವ ತನಕ, ಹತ್ತಿರ ಹತ್ತಿರ ಐದು ವರ್ಷ, ಶಿವಾಜಿನಗರಕ್ಕಾಗಲಿ ಕೆ.ಆರ್. ಪುರಕ್ಕಾಗಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇದ್ದರೂ ನೀರಿನ ಮಾತು ಅವರ ಕೈಯಲ್ಲಿಲ್ಲ. 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿ ಪಾಲಿಕೆಗೆ ಲೆಕ್ಕ ಒಪ್ಪಿಸುವುದಿಲ್ಲ. ಬೆಂಗಳೂರಿನ ಪ್ರತಿನಿಧಿಗಳ ಕೈಗೇ ಸಿಗದ ನೀರಿನ ತೀರ್ಮಾನ, ಕೋಲಾರದ ಪರವಾಗಿಯೂ ಆಯಿತಂತೆ!

ನಾಲ್ಕನೆಯದು: ದೂರು ಇದ್ದರೆ 1916ಕ್ಕೆ ಫೋನ್ ಮಾಡಿ. ದೂರು ಕೊಡುವುದು ಪೈಪು ಹಾಕಿದ ಮೇಲೆ, ನಾವು ಕೇಳಿದ್ದು ಹಾಕುವ ಮುಂಚಿನ ಮಾತು. ಇದಕ್ಕೆ ಹೆಚ್ಚು ಶಾಯಿ ಬೇಡ.

ಐದನೆಯದರಲ್ಲಿ ನಿಜವಾದ ಬಲವಿದೆ: ಕೋಲಾರದಲ್ಲಿ ಅಂತರ್ಜಲ ಏರಿದೆ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ, ರೈತರು ಖುಷಿಯಾಗಿದ್ದಾರೆ. ಅಂತರ್ಜಲ ಏರಿದ್ದು ಸುಳ್ಳಲ್ಲ. ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡಿದ ಜಿಲ್ಲೆಗೆ ಅದು ಸಣ್ಣ ಮಾತೂ ಅಲ್ಲ. ಆದರೆ ನಾವು ಪ್ರಶ್ನಿಸಿದ್ದು ಗುಣವನ್ನು, ಇವರು ಉತ್ತರಿಸಿದ್ದು ಪ್ರಮಾಣವನ್ನು. ಎರಡನೇ ಹಂತಕ್ಕೆ ಸಂಸ್ಕರಣೆ ನಿಲ್ಲಿಸಬೇಡಿ, ಮೂರನೇ ಹಂತವೂ ಆಗಲಿ ಎಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೋರ್ಟಿನವರೆಗೆ ಒಯ್ದ ಬೇಡಿಕೆ. ಅದಕ್ಕೆ ಸಿಗುವ ಉತ್ತರ: ಈ ನೀರು ಕುಡಿಯಲು ಅಲ್ಲ, ಇಂಗಿಸಲು, ಉಳಿದದ್ದನ್ನು ಮಣ್ಣು ಸೋಸುತ್ತದೆ. ಮಣ್ಣು ಹಲವು ರೋಗಾಣುಗಳನ್ನು ತಡೆಯುತ್ತದೆ, ನೈಟ್ರೇಟನ್ನು ತಡೆಯುವುದಿಲ್ಲ. ಇಂಗಿದ ನೀರು ಬೋರ್‌ವೆಲ್ಲಿಗೆ ಬರುತ್ತದೆ, ಕೋಲಾರದ ಹಳ್ಳಿ ಕುಡಿಯುವುದು ಬೋರ್‌ವೆಲ್ಲಿನದನ್ನೇ. ಹಾಗಾದರೆ ಕುಡಿಯಲು ಅಲ್ಲ ಎಂಬ ಮಾತಿನ ಅರ್ಥ ಏನು? 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದರು. ಸಂಸ್ಕರಿಸಿದ ನೀರು ತೋಟಕ್ಕೆ, ಕಟ್ಟಡ ಕೆಲಸಕ್ಕೆ ಎಂದರು. ಬೆಂಗಳೂರಿನಲ್ಲಿ ಸಿಮೆಂಟು ಕಲಸುವ ನೀರು ಅರುವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಪ್ರಶ್ನೆಗೇ ಮೀರಿದ್ದಾಗುತ್ತದೆ.

ಇನ್ನೊಂದು ತಮಾಷೆ ಗಮನಿಸಿ. ಮೊದಲ ವಾದದಲ್ಲಿ ರೈತನಿಗೆ ಏನೂ ತಿಳಿಯದು. ಐದನೆಯದರಲ್ಲಿ ಅದೇ ರೈತ ಯೋಜನೆ ಒಳ್ಳೆಯದು ಎಂದು ಸಾಕ್ಷಿ ಹೇಳುತ್ತಾನೆ. ಅವನು ಹೌದು ಎಂದರೆ ಅನುಭವಿ, ಯಾಕೆ ಎಂದರೆ ಅಜ್ಞಾನಿ. ಇಂಥ ಸಾಕ್ಷಿಯನ್ನು ಯಾವ ನ್ಯಾಯಾಧೀಶ ಒಪ್ಪುತ್ತಾನೆ?

ಕೊನೆಯ ಅಸ್ತ್ರ: ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ತಡವಾಗುತ್ತದೆ. ಕೇಳದೆ ಮಾಡಿದ್ದು ಬೇಗ ಆಯಿತೇ? ಲಕ್ಷ್ಮೀಸಾಗರದ ನೊರೆಯ ಬೆನ್ನಿಗೆ ಹೈಕೋರ್ಟ್ ತಡೆ ಬಂತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ. ಅದೇ ಕಣಿವೆಯ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು, 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರ 50 ಕೋಟಿ, ಬಿಬಿಎಂಪಿ 25 ಕೋಟಿ ರೂಪಾಯಿ ಕಟ್ಟಬೇಕೆಂದಿತು. ಅಷ್ಟು ದೂರ ಯಾಕೆ, ಕಮರ್ಷಿಯಲ್ ಸ್ಟ್ರೀಟನ್ನೇ ನೋಡಿ. ಸ್ಮಾರ್ಟ್ ಸಿಟಿ ಎಂದು 2020ರಲ್ಲಿ ಅಗೆದರು, ಕಲ್ಲು ಹಾಸಿದರು. 2021ರಲ್ಲಿ ಹಾಸಿದ ಕಲ್ಲು ಎದ್ದು ಮತ್ತೆ ಅಗೆದರು. ಅಂಗಡಿಯವರು ಎರಡು ಸಲ ದೂಳು ಕುಡಿದರು. ಈ ತಡಗಳಲ್ಲಿ ಒಂದನ್ನೂ ಸಾರ್ವಜನಿಕ ಆಲಿಕೆಯ ಖಾತೆಗೆ ಬರೆಯಲು ಬರುವುದಿಲ್ಲ, ಯಾಕೆಂದರೆ ಆಲಿಕೆಯೇ ನಡೆದಿಲ್ಲ.

ಈಗ ವೃಷಭಾವತಿ ಕಣಿವೆಯ ನೀರನ್ನು ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಕೆರೆಗಳಿಗೆ ಒಯ್ಯುವ ಯೋಜನೆ ಸಾಗಿದೆ. ಆ ಕಣಿವೆಗೆ ಪೀಣ್ಯದ ಕಾರ್ಖಾನೆಗಳ ನೀರೂ ಇಳಿಯುತ್ತದೆ. ನಮ್ಮ ಬೇಡಿಕೆ ಮೂರು: ಪೈಪಿಗೆ ನೀರು ಬಿಡುವ ಮುಂಚೆ ಕೆರೆಯ ಊರಲ್ಲೇ ಆಲಿಕೆ ನಡೆಯಲಿ, ತಿಂಗಳು ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೆ ಬರಲಿ, ಎತ್ತಿದ ಪ್ರತಿ ಆಕ್ಷೇಪಕ್ಕೂ ಸಹಿ ಹಾಕಿದ ಲಿಖಿತ ಉತ್ತರ ಸಿಗಲಿ. ಕೇಳಬೇಕಾಗಿಲ್ಲ ಎನ್ನುವವರು ಈ ಮೂರರಲ್ಲಿ ಯಾವುದಕ್ಕೆ ಹೆದರುತ್ತಾರೆ ಎಂದು ಮೊದಲು ತಿಳಿಸಲಿ.