ತಕ್ಕಡಿಯಿಲ್ಲದ ತೂಕ

ಬಟ್ಟೆ ಒಗೆಯುವ ಯಂತ್ರಕ್ಕೆ ಕಣ್ಣಿಲ್ಲ. ಬಹುಪಾಲು ಯಂತ್ರಗಳ ಹೊಟ್ಟೆಯಲ್ಲಿ ತಕ್ಕಡಿಯೂ ಇಲ್ಲ. ಆದರೂ ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ‘ಇಂದಿನ ಹೊರೆ ಇಷ್ಟು, ಬೇಕಾದ ನೀರು ಇಷ್ಟು, ಹಿಡಿಯುವ ಸಮಯ ಇಷ್ಟು’ ಎಂದು ಅದು ತೀರ್ಮಾನಿಸಿಬಿಡುತ್ತದೆ. ನಾಲ್ಕು ಅಂಗಿ ಹಾಕಿದ ದಿನ ಒಂದು ಅಂಕಿ ತೋರಿಸಿದರೆ, ಮನೆಮಂದಿಯ ಬಟ್ಟೆಯನ್ನೆಲ್ಲ ತುರುಕಿದ ದಿನ ಇನ್ನೊಂದು. ನೀರು ಬೀಳುವ ಮೊದಲೇ ಒಳಗಿನ ಚಕ್ರ ಅತ್ತ ಒಮ್ಮೆ, ಇತ್ತ ಒಮ್ಮೆ ಗುರ್ರೆಂದು ತಿರುಗಿ ನಿಲ್ಲುವ ಸದ್ದು ಬಹಳ ಮನೆಗಳಿಗೆ ಪರಿಚಿತ. ಯಂತ್ರ ಯಾಕೋ ತಡವರಿಸುತ್ತಿದೆ ಎಂದುಕೊಳ್ಳುವವರೇ ಹೆಚ್ಚು. ಅದು ತಡವರಿಕೆಯಲ್ಲ, ಯಂತ್ರ ತೂಕ ನೋಡುವ ಬಗೆ.

ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಂಥ ಕಡೆ ಈ ತೂಕಕ್ಕೆ ಬೆಲೆಯಿದೆ. ಕೆರೆ, ಗುಹೆಯೊಳಗಿನ ದೇವಸ್ಥಾನ ಇದ್ದ ಹಳ್ಳಿಯ ಸುತ್ತ ಇಂದು ಬಹುಮಹಡಿ ಕಟ್ಟಡಗಳು ಎದ್ದಿವೆ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತ್ತು. ಐದು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ, ಇಡೀ ಬೆಂಗಳೂರು ನೀರಿಗಾಗಿ ಪರದಾಡಿತು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು, ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಸಾರಿತು. ಕಾರು ತೊಳೆಯದೆ ಇರಬಹುದು. ಬಟ್ಟೆ ಒಗೆಯದೆ ಇರಲಾದೀತೆ? ಕೆರೆಯ ದಂಡೆಯಲ್ಲಿ ಕಲ್ಲಿಗೆ ಬಟ್ಟೆ ಬಡಿಯುವಾಗ ನೀರನ್ನು ಅಳೆಯುವ ಪ್ರಶ್ನೆಯೇ ಇರಲಿಲ್ಲ. ಟ್ಯಾಂಕರ್ ನೀರು ಬರುವ ಕಟ್ಟಡದಲ್ಲಿ ಆ ಅಳತೆಯೇ ದೊಡ್ಡ ಮಾತು. ಅಲ್ಲಿ ಅಳೆಯುವ ಕೆಲಸ ಯಂತ್ರದ್ದು.

ಹಾಗಾದರೆ ಅಳೆಯುವುದು ಹೇಗೆ?

ಹಿಂದೆ ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲ್ಲಿನೊಳಗೆ ಕಾಳು ಎಷ್ಟಿದೆ ಎಂದು ಅವರು ಇಣುಕಿ ನೋಡುತ್ತಿರಲಿಲ್ಲ, ಗೂಟ ಹಿಡಿದ ಕೈಯೇ ಹೇಳುತ್ತಿತ್ತು. ಬರಿದಾದ ಕಲ್ಲು ಹಗುರವಾಗಿ ತಿರುಗುತ್ತದೆ, ಕಾಳು ತುಂಬಿದ್ದರೆ ಎಳೆದು ಹಿಡಿಯುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಯಂತ್ರದಲ್ಲಿ ನಡೆಯುವುದು ಇದೇ. ಅದರ ತೊಟ್ಟಿಯ ತಳದಲ್ಲಿ ತಟ್ಟೆಯಂಥ ಒಂದು ಚಕ್ರವಿದೆ. ಪಲ್ಸೇಟರ್ ಎಂದು ಅದರ ಹೆಸರು. ಒಣ ಬಟ್ಟೆ ಅದರ ಮೇಲೆ ಕೂತಿರುವಾಗ ಮೋಟಾರಿಗೆ ಕ್ಷಣಕಾಲ ವಿದ್ಯುತ್ ಕೊಟ್ಟು ಕೂಡಲೇ ಕಡಿಯಲಾಗುತ್ತದೆ. ವಿದ್ಯುತ್ ನಿಂತ ಮೇಲೂ ಚಕ್ರ ತನ್ನ ಓಟದಲ್ಲಿ ಕೊಂಚ ತಿರುಗುತ್ತದೆ. ಬಟ್ಟೆ ಕಡಿಮೆಯಿದ್ದರೆ ಹೆಚ್ಚು ತಿರುಗುತ್ತದೆ. ಹೊರೆ ದೊಡ್ಡದಾದರೆ ಅದರ ಭಾರ, ಉಜ್ಜಾಟ ಎರಡೂ ಸೇರಿ ಚಕ್ರವನ್ನು ಬೇಗ ನಿಲ್ಲಿಸುತ್ತವೆ. ಈ ಕೊನೆಯ ಓಟವನ್ನು ಮೋಟಾರಿನ ಬಳಿಯ ಸಂವೇದಕ ಎಣಿಸುತ್ತದೆ. ಒಂದೇ ಸಲದ ಎಣಿಕೆಯನ್ನು ನಂಬದೆ ಎಡಕ್ಕೂ ಬಲಕ್ಕೂ ಹಲವು ಸಲ ತಿರುಗಿಸಿ ಸರಾಸರಿ ತೆಗೆಯುವುದು ವಾಡಿಕೆ. ಮೊದಲು ಕೇಳಿಸುವ ಗುರುಗುರು ಇದೇ.

ಮುಂಬದಿಯ ಬಾಗಿಲಿನಿಂದ ಬಟ್ಟೆ ಹಾಕುವ ಯಂತ್ರದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಬಟ್ಟೆಯ ಸಮೇತ ಇಡೀ ಡ್ರಮ್ಮೇ ಸುತ್ತುತ್ತದೆ. ಜಾತ್ರೆಯ ರಾಟೆತೊಟ್ಟಿಲನ್ನು ನೆನೆಯಬಹುದು. ಜನ ತುಂಬಿದ ತೊಟ್ಟಿಲು ಚಲಿಸಲು ಹೆಚ್ಚು ಬಲ ಕೇಳುತ್ತದೆ, ಒಮ್ಮೆ ಚಲಿಸಿತೆಂದರೆ ಬೇಗ ನಿಲ್ಲುವುದಿಲ್ಲ. ಇದು ಜಡತ್ವದ ಗುಣ. ಡ್ರಮ್ಮಿನ ತ್ರಿಜ್ಯ ಕಾಲು ಮೀಟರ್ ಎಂದಿಟ್ಟುಕೊಂಡರೆ, ನಿಮಿಷಕ್ಕೆ ಸುಮಾರು 60 ಸುತ್ತು ದಾಟಿದಾಗ ಗೋಡೆಗೆ ಒತ್ತಿಕೊಂಡ ಬಟ್ಟೆ ಮೇಲ್ತುದಿಯಲ್ಲೂ ಕೆಳಗೆ ಬೀಳದೆ ಡ್ರಮ್ಮಿನ ಜೊತೆಗೇ ಸುತ್ತುತ್ತದೆ. ಆ ವೇಗಕ್ಕೆ ಏರಲು ಮೋಟಾರು ಎಷ್ಟು ಬಲ ಹಾಕಬೇಕಾಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಒಳಗಿನ ಭಾರ ತಿಳಿಯುತ್ತದೆ. ಮೋಟಾರು ಹಾಕಿದ ಬಲ ಅದು ಎಳೆದ ವಿದ್ಯುತ್ತಿನಲ್ಲೇ ಗೊತ್ತಾಗುವುದರಿಂದ ಬೇರೆ ತಕ್ಕಡಿ ಬೇಡ.

ಆದರೆ ಭಾರ ತಿಳಿದ ಮಾತ್ರಕ್ಕೆ ಬಟ್ಟೆಯ ಜಾತಿ ತಿಳಿಯದು. ಒಂದು ಕಿಲೋ ಪಾಲಿಯೆಸ್ಟರ್ ಸೀರೆಗಳಿಗಿಂತ ಒಂದು ಕಿಲೋ ಹತ್ತಿಯ ಟವೆಲ್ಲುಗಳು ಎಷ್ಟೋ ಹೆಚ್ಚು ನೀರು ಕುಡಿಯುತ್ತವೆ. ಆದ್ದರಿಂದ ಮೊದಲ ಅಂದಾಜಿನ ಬೆನ್ನಿಗೆ ಎರಡನೆಯ ಸಾಕ್ಷಿಯಾಗಿ ನೀರನ್ನೇ ಕರೆಯಲಾಗುತ್ತದೆ. ತೊಟ್ಟಿಯ ತಳದಿಂದ ಒಂದು ಸಣ್ಣ ಕೊಳವೆ ಮೇಲಕ್ಕೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಳ್ಳುತ್ತದೆ. ಹತ್ತು ಸೆಂಟಿಮೀಟರ್ ನೀರಿನ ಒತ್ತಡ ಸುಮಾರು ಒಂದು ಕಿಲೋಪ್ಯಾಸ್ಕಲ್. ಕೊಳವೆಯ ಮೇಲ್ತುದಿಯ ಸಂವೇದಕ ಈ ಒತ್ತಡವನ್ನು ಓದಿ ಮಟ್ಟ ಹೇಳುತ್ತದೆ. ಮಟ್ಟ ತಲುಪಿದೊಡನೆ ನೀರು ನಿಲ್ಲುತ್ತದೆ. ಒಳಗಿನ ಬಟ್ಟೆ ಹತ್ತಿಯದಾದರೆ ನೀರನ್ನು ಹೀರಿಕೊಂಡು ಮಟ್ಟ ಇಳಿಯುತ್ತದೆ, ನೀರು ಮತ್ತೆ ಬೀಳುತ್ತದೆ. ಎಷ್ಟು ಸಲ ಹೀಗೆ ತುಂಬಬೇಕಾಯಿತು ಎಂಬುದು ಬಟ್ಟೆಯ ದಾಹದ ಲೆಕ್ಕ. ಮುಂಬಾಗಿಲಿನ ಯಂತ್ರಗಳು ಈ ಲೆಕ್ಕವನ್ನು ಬಹಳವಾಗಿ ನೆಚ್ಚಿಕೊಂಡಿವೆ.

ಈ ಸಾಕ್ಷಿಗಳ ಮಾತು ಕೇಳಿ ತೀರ್ಪು ಕೊಡುವುದಕ್ಕೂ ಒಂದು ಕ್ರಮ ಬೇಕು. ‘3 ಕಿಲೋ ದಾಟಿದರೆ ಇಷ್ಟು ನೀರು, ದಾಟದಿದ್ದರೆ ಅಷ್ಟು’ ಎಂಬ ಕಟ್ಟುನಿಟ್ಟಿನ ನಿಯಮದಲ್ಲಿ ಒಂದು ಕರವಸ್ತ್ರ ಹೆಚ್ಚಾದರೂ ನೀರು ಒಮ್ಮೆಲೇ ಏರಿಬಿಡುತ್ತದೆ. ಅಡುಗೆಮನೆಯಲ್ಲಿ ಹಾಗೆ ನಡೆಯುವುದಿಲ್ಲ. ‘ಹಿಟ್ಟು ಕೊಂಚ ಗಟ್ಟಿಯಾಯಿತು, ಚೂರು ನೀರು ಬಿಡು’ ಎಂಬ ಮಾತಿನಲ್ಲಿ ಅಂಕಿಯಿಲ್ಲ, ಆದರೆ ಹದ ತಪ್ಪುವುದಿಲ್ಲ. ‘ಕೊಂಚ’, ‘ಚೂರು’, ‘ಸಾಕಷ್ಟು’ ಎಂಬ ಮಾತುಗಳನ್ನು ಗಣಿತಕ್ಕೆ ಒಗ್ಗಿಸಲು ದಾರಿ ತೋರಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲಾಟ್ಫಿ ಝಾದೆ. 1965ರಲ್ಲಿ ಅವರು ಮುಂದಿಟ್ಟ ವಿಚಾರದಿಂದ ಬೆಳೆದದ್ದೇ ಫಜ್ಜಿ ಲಾಜಿಕ್. ಜಪಾನಿನ ಮತ್ಸುಷಿತಾ ಕಂಪನಿ (ಇಂದಿನ ಪ್ಯಾನಸಾನಿಕ್) 1990ರಲ್ಲಿ ಇದನ್ನು ಬಟ್ಟೆ ಒಗೆಯುವ ಯಂತ್ರಕ್ಕೆ ತಂದಿತು. ಕೆಲವು ವರ್ಷಗಳಲ್ಲಿ ಭಾರತದ ಅಂಗಡಿಗಳಲ್ಲೂ ಯಂತ್ರಗಳ ಮೈಮೇಲೆ ಆ ಹೆಸರು ಕಾಣಿಸಿಕೊಂಡಿತು. ಕೊಂಡವರಲ್ಲಿ ಬಹಳ ಮಂದಿಗೆ ಅದು ಏನೋ ದೊಡ್ಡ ವಿದ್ಯೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಅದು ಕಲಿಯಲು ಹೊರಟದ್ದು ಅಜ್ಜಿಯ ಕೈಯಂದಾಜನ್ನೇ.

ಅಂದಾಜು ಅಂದಮೇಲೆ ಅದು ಮೋಸಹೋಗುವುದೂ ಉಂಟು. ಮೋಸಮಾಡುವವರು ಸಾಮಾನ್ಯವಾಗಿ ಮನೆಯವರೇ. ಕಾಲರಿನ ಕೊಳೆ ಬಿಡಲೆಂದು ರಾತ್ರಿಯೇ ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆಯನ್ನು ಹಿಂಡದೆ ಯಂತ್ರಕ್ಕೆ ಹಾಕುವುದು ಹಲವರ ರೂಢಿ. ಯಂತ್ರ ನಿರೀಕ್ಷಿಸುವುದು ಒಣ ಬಟ್ಟೆಯನ್ನು. ಅದರ ಮೇಲೆ ಬರೆದ ಆರೂವರೆ ಕಿಲೋ, ಏಳು ಕಿಲೋ ಎಂಬುದೂ ಒಣ ಬಟ್ಟೆಯ ತೂಕವೇ. ನೆನೆದ ಬಟ್ಟೆಯ ಭಾರಕ್ಕೆ ಚಕ್ರ ತಟ್ಟನೆ ನಿಂತುಬಿಡುತ್ತದೆ. ಎರಡು ಕಿಲೋ ಬಟ್ಟೆಯನ್ನು ನಾಲ್ಕೈದು ಕಿಲೋ ಎಂದು ಎಣಿಸಿ ಯಂತ್ರ ತೊಟ್ಟಿ ತುಂಬ ನೀರು ಬಿಡುತ್ತದೆ. ಅಳತೆ ಮುಗಿದ ಮೇಲೆ ಮುಚ್ಚಳ ತೆರೆದು ‘ಇದೊಂದು ಇರಲಿ’ ಎಂದು ನಾಲ್ಕು ಬಟ್ಟೆ ಸೇರಿಸಿದರೆ ಉಲ್ಟಾ. ನೀರು ಸಾಲದೆ ಬಟ್ಟೆ ಒಣಗಿದ ಮೇಲೆ ಸೋಪಿನ ಪುಡಿಯ ಬಿಳಿ ಗೆರೆ ಉಳಿಯುತ್ತದೆ, ಮತ್ತೆ ಜಾಲಿಸಬೇಕಾಗುತ್ತದೆ. ಹೆಚ್ಚು ಪುಡಿ ಸುರಿದಾಗ ಏಳುವ ನೊರೆಯೂ ಗಾಳಿಕೊಳವೆಯ ಲೆಕ್ಕ ಕೆಡಿಸಬಲ್ಲದು. ಆ ಕೊಳವೆಯ ಬಾಯಲ್ಲಿ ಸೋಪಿನ ಗಸಿ, ಬಟ್ಟೆಯ ಜುಂಗು ಕಟ್ಟಿಕೊಂಡರೆ ಮಟ್ಟವೇ ತಿಳಿಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆ ಬರಲಿಲ್ಲವೆಂದು ಪುಡಿ ಹೆಚ್ಚಿಸುವ ಮನೆಗಳಲ್ಲಿ ಗಸಿಯೂ ಹೆಚ್ಚು.

ಇದೆಲ್ಲ ಎಷ್ಟು ದೊಡ್ಡ ನಷ್ಟ ಎಂದು ಕೇಳಬಹುದು. ಮೇಲಿನಿಂದ ಬಟ್ಟೆ ಹಾಕುವ ಯಂತ್ರ ತುಂಬು ಹೊರೆಗೆ 100 ಲೀಟರಿಗೂ ಹೆಚ್ಚು ನೀರು ಕೇಳುವುದುಂಟು. ಅಂದಾಜು ತಪ್ಪಿ ಮನೆಯೊಂದಕ್ಕೆ ದಿನಕ್ಕೆ 30 ಲೀಟರ್ ಹೆಚ್ಚು ಬಿತ್ತೆಂದು ಇಟ್ಟುಕೊಳ್ಳೋಣ. ನೂರು ಮನೆಗಳ ಕಟ್ಟಡದಲ್ಲಿ ಅದು ದಿನಕ್ಕೆ 3,000 ಲೀಟರ್, ನಾಲ್ಕೇ ದಿನಕ್ಕೆ 12,000 ಲೀಟರ್. ಅಂದರೆ ಒಂದು ದೊಡ್ಡ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಅಂಥ ಟ್ಯಾಂಕರಿಗೆ 1,000 ರೂಪಾಯಿ ದರ ಗೊತ್ತುಮಾಡಿತ್ತು. ಯಾರೂ ಬಳಸದ, ಯಾರ ಬಟ್ಟೆಯನ್ನೂ ಹೆಚ್ಚು ಬೆಳ್ಳಗೆ ಮಾಡದ ನೀರು ಅದು.

ನೀರು ಉಳಿಸಲು ಹೊರಟವರೇ ಯಂತ್ರವನ್ನು ದಾರಿ ತಪ್ಪಿಸುವುದುಂಟು. ಕೊನೆಯ ಸಲ ಜಾಲಿಸಿದ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಮುಂದಿನ ಒಗೆತಕ್ಕೆ ಬಳಸುವುದು ಜಾಣತನವೇ. ಆದರೆ ಗುಂಡಿ ಒತ್ತುವ ಮೊದಲೇ ಆ ನೀರನ್ನು ಬಟ್ಟೆಯ ಮೇಲೆ ಸುರಿದರೆ ಉಳಿಸಿದ್ದೆಲ್ಲ ಹೋಯಿತು. ಒದ್ದೆ ಬಟ್ಟೆಯನ್ನು ದೊಡ್ಡ ಹೊರೆಯೆಂದು ಬಗೆದು ಯಂತ್ರ ಇನ್ನಷ್ಟು ನೀರು ಕೇಳುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಯಂತ್ರದಲ್ಲಿ ಇದಕ್ಕೆ ಸುಲಭದ ದಾರಿಯಿದೆ. ಮೊದಲು ಒಣ ಬಟ್ಟೆ ಹಾಕಿ ಗುಂಡಿ ಒತ್ತಬೇಕು. ಗುರುಗುರು ಮುಗಿಯುವವರೆಗೆ ಕಾಯಬೇಕು. ನಲ್ಲಿಯ ನೀರು ಬೀಳತೊಡಗಿದ ಮೇಲೆ ಬಕೆಟ್ಟನ್ನು ನಿಧಾನವಾಗಿ ತೊಟ್ಟಿಯೊಳಗೆ, ಗುಂಡಿಗಳ ಮೇಲೆ ಚೆಲ್ಲದಂತೆ, ಸುರಿಯಬೇಕು. ಗಾಳಿಕೊಳವೆ ಓದುವುದು ಮಟ್ಟವನ್ನು ಮಾತ್ರ. ನೀರು ಕಾವೇರಿಯದೋ, ಟ್ಯಾಂಕರಿನದೋ, ನಿನ್ನೆಯ ಬಕೆಟ್ಟಿನದೋ ಎಂಬ ಭೇದ ಅದಕ್ಕಿಲ್ಲ. ಸುರಿದಷ್ಟನ್ನು ಲೆಕ್ಕಕ್ಕೆ ಹಿಡಿದು ಅದು ನಲ್ಲಿಯನ್ನು ಅಷ್ಟು ಬೇಗ ನಿಲ್ಲಿಸುತ್ತದೆ.