ಕ್ಯಾಮೆರಾ ಬಿಟ್ಟ ಕೈಗೆ ಬಂದ ಕುಂಚ

ಡಿಜಿಟಲ್ ಯುಗಕ್ಕೆ ಮುಂಚೆ ಫೋಟೋ ತೆಗೆಯುವವನ ಕಸುಬಿಗೆ ಬೇಕಾದ ಸಾಮಗ್ರಿ ಒಂದೆರಡಲ್ಲ. ಕ್ಯಾಮೆರಾ ಇದ್ದರೆ ಸಾಲದು. ಬೆಳ್ಳಿಯ ಲವಣ ಲೇಪಿಸಿದ ಫಿಲ್ಮ್ ಬೇಕು, ಡೆವಲಪರ್ ಬೇಕು, ಹೈಪೋ ಬೇಕು, ತೊಳೆಯಲು ಧಾರಾಳ ನೀರು ಬೇಕು. ಇಷ್ಟೆಲ್ಲ ಇದ್ದರೂ ಕತ್ತಲೆ ಕೋಣೆ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಚಿತ್ರ ಬರೆಯುವವನಿಗಾದರೋ ಒಂದು ಚೂರು ಕಾಗದ, ಒಂದಿಷ್ಟು ಶಾಯಿ ಸಾಕು. ಈ ಸಣ್ಣ ವ್ಯತ್ಯಾಸವೇ ಒಬ್ಬ ಮನುಷ್ಯನ ಬಾಳಿನ ದಿಕ್ಕು ಬದಲಿಸಿತು.

ಆತನ ಹೆಸರು ಆಲ್ಫ್ರೆಡ್ ಓಟ್ಟೊ ವುಲ್ಫ್‌ಗಾಂಗ್ ಶುಲ್ಟ್ಜೆ. ಹುಟ್ಟಿದ್ದು 1913ರಲ್ಲಿ ಬರ್ಲಿನ್‌ನಲ್ಲಿ, ಬೆಳೆದದ್ದು ಡ್ರೆಸ್ಡೆನ್‌ನಲ್ಲಿ. 1932ರಲ್ಲಿ ಪ್ಯಾರಿಸ್ಸಿಗೆ ಹೊರಟ. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ; ಈತ ಜರ್ಮನಿಗೆ ಮರಳಿ ಸರ್ಕಾರದ ಸೇವೆಗೆ ಸೇರಲು ಒಪ್ಪಲಿಲ್ಲ. ಸ್ಪೇನ್ ಸೇರಿದ, ಅಲ್ಲಿಂದಲೂ ಹೊರದೂಡಿಸಿಕೊಂಡ. 1937ರ ಪ್ಯಾರಿಸ್ ವಸ್ತುಪ್ರದರ್ಶನ ಆತನಿಗೆ ಅನ್ನ ಕೊಟ್ಟಿತು. ಅಲ್ಲಿನ ಉಡುಗೆತೊಡುಗೆ ಮಂಟಪದ ಫೋಟೋ ತೆಗೆಯುವ ಕೆಲಸ ಸಿಕ್ಕಿ, ಆ ಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾದವು. ಉದ್ದ ಹೆಸರನ್ನು ತಂತಿಯೊಂದು ತುಂಡರಿಸಿತಂತೆ. ಉಳಿದ ತುಂಡನ್ನೇ ಆತ ಹೆಸರಾಗಿ ಇಟ್ಟುಕೊಂಡ. ಅದೇ 'ವೋಲ್ಸ್'. ತಾರು ಇಲಾಖೆಯಿಂದ ಕಲೆಗೆ ಸಂದ ಉಪಕಾರಗಳಲ್ಲಿ ಇದೂ ಒಂದು!

ಹೊಟ್ಟೆಪಾಡಿಗೆ ಫ್ಯಾಶನ್ ಚಿತ್ರ ತೆಗೆಯುತ್ತಿದ್ದವನ ಕಣ್ಣು ಮಾತ್ರ ಬೇರೆಲ್ಲೋ ಇತ್ತು. ಅಡುಗೆಮನೆಯ ಈರುಳ್ಳಿ, ಚರ್ಮ ಸುಲಿದ ಮೊಲ, ಮೂತ್ರಪಿಂಡದ ತುಂಡು, ಒದ್ದೆ ನೆಲ, ಬಕೆಟ್ಟು ಇವುಗಳನ್ನು ತೀರ ಹತ್ತಿರದಿಂದ ತೆಗೆದ. ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಛೇದನ ಮಾಡಿದವರಿಗೆ ಈ ಚಿತ್ರಗಳು ಅಷ್ಟೇನೂ ಅಪರಿಚಿತವಲ್ಲ. ಅಸಹ್ಯ ಎನ್ನುವವರೂ ಎರಡನೇ ಬಾರಿ ನೋಡದೆ ಬಿಡುವುದಿಲ್ಲ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ನಾಜಿಗಳಿಗೆ ಬೆನ್ನು ತಿರುಗಿಸಿ ಬಂದವನನ್ನೇ ಫ್ರಾನ್ಸ್ 'ಶತ್ರುದೇಶದ ಪ್ರಜೆ' ಎಂದು ಹಿಡಿದು ಶಿಬಿರಕ್ಕೆ ತಳ್ಳಿತು. ಏಕ್ಸ್ ನಗರದ ಬಳಿಯ ಲೆ ಮಿಲ್ ಶಿಬಿರವಂತೂ ಮೊದಲು ಹೆಂಚಿನ ಕಾರ್ಖಾನೆಯಾಗಿದ್ದ ಜಾಗ. ಕಲಾವಿದ ಮ್ಯಾಕ್ಸ್ ಎರ್ನ್‌ಸ್ಟ್ ಕೂಡ ಅಲ್ಲಿ ಸೆರೆಯಲ್ಲಿದ್ದ. ಅಂಥ ಕಡೆ ಡಾರ್ಕ್‌ರೂಮು ಎಲ್ಲಿಂದ ಬರಬೇಕು? ಚಿತ್ರ ಬರೆಯುವ ಅಭ್ಯಾಸ ವೋಲ್ಸ್‌ಗೆ ಮೊದಲಿನಿಂದಲೂ ಇತ್ತು. ಈಗ ಅದೊಂದೇ ಉಳಿಯಿತು. ಪುಟ್ಟ ಕಾಗದಗಳ ಮೇಲೆ ಶಾಯಿ, ಜಲವರ್ಣ. ಬೇರು, ನರ, ಹುಳು, ಹಡಗು, ಊರು ಒಂದರೊಳಗೊಂದು ಹೆಣೆದುಕೊಂಡವು. ಸೂಕ್ಷ್ಮದರ್ಶಕದ ಕೆಳಗಿನ ಹನಿ ನೀರಿನಂತೆ ಕಾಣುವ ಈ ರೇಖೆಗಳಲ್ಲಿ ಹಿಂದಿನ ಫೋಟೋಗ್ರಾಫರನ ಕಣ್ಣೇ ಇದೆ.

1940ರಲ್ಲಿ ಬಿಡುಗಡೆಯಾದ ಮೇಲೆ ದಕ್ಷಿಣ ಫ್ರಾನ್ಸಿನ ಕಾಸಿ, ಆಮೇಲೆ ದ್ಯೂಲೆಫಿ ಎಂದು ಅಲೆದಾಟ. ಕಸುಬಾಗಿ ಫೋಟೋಗ್ರಫಿ ಮರಳಿ ಬರಲೇ ಇಲ್ಲ. 1945ರಲ್ಲಿ ಪ್ಯಾರಿಸ್ಸಿನ ರೆನೆ ದ್ರೂವ್ಯಾಂ ಗ್ಯಾಲರಿಯಲ್ಲಿ ಈ ಕಿರುಚಿತ್ರಗಳ ಪ್ರದರ್ಶನ ನಡೆಯಿತು, ಮಾರಾಟ ಹೇಳಿಕೊಳ್ಳುವಂತಿರಲಿಲ್ಲ. 1947ರಲ್ಲಿ ಅದೇ ಗ್ಯಾಲರಿ ಆತನ ಸುಮಾರು 40 ತೈಲಚಿತ್ರಗಳನ್ನು ಇಟ್ಟಿತು. ಬಣ್ಣ ಸುರಿದು, ಕೆರೆದು, ಟ್ಯೂಬಿನಿಂದ ನೇರ ಹಿಂಡಿ ಮಾಡಿದ ಆ ಚಿತ್ರಗಳ ಮುಂದೆ ಪ್ಯಾರಿಸ್ಸಿನ ಕಲಾವಿದರು ಬೆರಗಾಗಿ ನಿಂತರು. ದಾರ್ಶನಿಕ ಸಾರ್ತ್ರ್ ಕಷ್ಟಕ್ಕೆ ಒದಗಿದ. ಅವನ ಬರಹಕ್ಕೆ ವೋಲ್ಸ್ ಚಿತ್ರ ಕೊರೆದುಕೊಟ್ಟ.

ಆದರೆ ಶಿಬಿರದ ದಿನಗಳ ಕುಡಿತ ದೇಹವನ್ನು ಟೊಳ್ಳು ಮಾಡಿತ್ತು. 1951ರ ಸೆಪ್ಟೆಂಬರ್ 1ರಂದು, ಕೆಟ್ಟ ಮಾಂಸ ತಿಂದು ವಿಷವೇರಿ, 38ನೇ ವಯಸ್ಸಿನಲ್ಲಿ ತೀರಿಕೊಂಡ. 1958ರ ವೆನಿಸ್ ಬಿಯೆನಾಲೆಯಲ್ಲಿ ಆತನ ಚಿತ್ರಗಳಿಗೆ ಗೌರವದ ಜಾಗ ಸಿಕ್ಕಿತು. ಅಡುಗೆಮನೆಯ ಆ ಫೋಟೋಗಳು ಜನರ ಕಣ್ಣಿಗೆ ಬೀಳಲು ಇನ್ನೂ ಎಷ್ಟೋ ವರ್ಷ ಕಾಯಬೇಕಾಯಿತು.