ಮೀಟರಿನ ಬಳಿಯ ಕಾವಲುಗಾರ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಮಣ್ಣಗುಡ್ಡದ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುವುದು: “ಆ ಸ್ವಿಚ್ಚು ಪುನಃ ಬಿತ್ತು, ಮನೆಯೆಲ್ಲ ಕತ್ತಲಾಯಿತು!” ಎರಡು ಮೂರು ಸಲ ಹೀಗಾದೊಡನೆ ಯಜಮಾನರು ಕೆಲಸದವನನ್ನು ಕರೆಯಿಸಿ, ಅದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಜೋಡಿಸಿಕೊಡೆನ್ನುವರು. ದೀಪಗಳು ಉರಿಯುವುವು, ಮನೆಮಂದಿಗೆ ಸಮಾಧಾನವಾಗುವುದು. ಕಳ್ಳನು ಬಂದಾಗ ಬೊಗಳಿದ ನಾಯಿಯನ್ನು, ನಿದ್ದೆ ಕೆಡಿಸಿತೆಂದು ಹೊರಗಟ್ಟಿದ ಹಾಗಾಯಿತು ಇದು. ಆದುದರಿಂದ ಈ ತಿಂಗಳು ಆ ಸ್ವಿಚ್ಚಿನ ವಿಷಯವನ್ನೇ ವಾಚಕರ ಮುಂದಿಡುವೆವು.

ಮೀಟರಿನ ಬಳಿಯ ಪೆಟ್ಟಿಗೆಯಲ್ಲಿ ಎರಡು ಜಾತಿಯ ಸ್ವಿಚ್ಚುಗಳಿರಬೇಕು. ಸಾಲಾಗಿ ನಿಂತ ಚಿಕ್ಕವು ಎಂ.ಸಿ.ಬಿ.ಗಳು, ಹಿಂದಿನ ಫ್ಯೂಸು ತಂತಿಯ ಸ್ಥಾನಕ್ಕೆ ಬಂದವು. ಅವು ತಂತಿಯನ್ನು ಕಾಯುವುವೇ ಹೊರತು ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ.ಯ ದೃಷ್ಟಿಯಲ್ಲಿ, ನಮ್ಮ ಪ್ರಾಣವನ್ನು ಕೊಂಡೊಯ್ಯುವಷ್ಟು ವಿದ್ಯುತ್ತು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಮನುಷ್ಯನನ್ನು ಕಾಯತಕ್ಕದ್ದು ಆರ್.ಸಿ.ಸಿ.ಬಿ. ಎಂಬ ಇನ್ನೊಂದು. ಇಂಗ್ಲಿಷಿನ ‘ಟಿ’ ಅಕ್ಷರವುಳ್ಳ ಚಿಕ್ಕ ಗುಂಡಿಯಿಂದಲೂ, 30 ಮಿಲಿಆಂಪಿಯರ್ ಎಂಬ ಬರಹದಿಂದಲೂ ಅದನ್ನು ಗುರುತಿಸಬಹುದು. ಅಂಥ ಗುಂಡಿಯೇ ಕಾಣದಿದ್ದರೆ ಮನೆಗೆ ಈ ಕಾವಲು ಇಲ್ಲವೆಂದು ತಿಳಿಯತಕ್ಕದ್ದು.

ಅದರ ಕೆಲಸವು ದೇವಸ್ಥಾನದ ಮೊಕ್ತೇಸರರ ಜಮಾಖರ್ಚಿನಂತೆ. ಒಂದು ತಂತಿಯಲ್ಲಿ ಒಳಹೋದ ವಿದ್ಯುತ್ತು ಇನ್ನೊಂದರಲ್ಲಿ ಅಷ್ಟೇ ಹಿಂದಿರುಗಬೇಕು. ಎರಡೂ ತಂತಿಗಳು ಒಂದು ಲೋಹದ ಬಳೆಯೊಳಗಿಂದ ಹಾದುಹೋಗುವುವು. ಹೋದದ್ದೂ ಬಂದದ್ದೂ ಸಮವಾಗಿರುವ ತನಕ ಅವುಗಳ ಕಾಂತಪ್ರಭಾವಗಳು ಒಂದನ್ನೊಂದು ಅಳಿಸುವುವು. ಗೀಜರಿನ ಹಳೆಯ ಸುರುಳಿಯಿಂದಲೋ, ಒದ್ದೆ ಗೋಡೆಯಿಂದಲೋ, ನಮ್ಮ ಶರೀರದಿಂದಲೋ ಒಂದಂಶವು ಭೂಮಿಗೆ ಸೋರಿತೋ, ಲೆಕ್ಕ ತಪ್ಪಿ ಕೀಲು ಬೀಳುವುದು.

ನಾವು “ಶಾಕ್ ಹೊಡೆಯಿತು” ಎನ್ನುತ್ತೇವೆ. ಈ ಕ್ರಿಯಾಪದವೇ ಸರಿಯಲ್ಲ. ಹೊಡೆದದ್ದು ದೂರಕ್ಕೆ ತಳ್ಳೀತು. ಮನೆಯ ವಿದ್ಯುತ್ತಾದರೋ ಮುಂಗೈಯ ಸ್ನಾಯುಗಳನ್ನು ಬಿಗಿಸಿ, ಹಿಡಿದ ವಸ್ತುವನ್ನು ಬಿಡಗೊಡದೆ ಮಾಡುವುದುಂಟು. ಅಮೆರಿಕೆಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಝೀಲ್ ಎಂಬ ಪಂಡಿತರು ಇದನ್ನೇ ಸ್ವಯಂಸೇವಕರ ಮೇಲೆ ಪರೀಕ್ಷಿಸಿ, ಗಂಡಸರಿಗೆ ಸುಮಾರು 16 ಮಿಲಿಆಂಪಿಯರಿನಲ್ಲಿಯೂ ಹೆಂಗಸರಿಗೆ ಅದಕ್ಕಿಂತ ಕಡಿಮೆಯಲ್ಲಿಯೂ ಕೈ ಬಿಡಿಸಿಕೊಳ್ಳಲು ಆಗದೆಂದು ಕಂಡರು. 1961ರಲ್ಲಿ ಇಂಥದೇ ಒಂದು ಕಾವಲು ಯಂತ್ರವನ್ನು ನಿರ್ಮಿಸಿದರು. ಅಲ್ಲಿ ಅದು ಪ್ಲಗ್ಗು ಸಿಕ್ಕಿಸುವ ಸಾಕೆಟ್ಟಿನಲ್ಲಿಯೇ ಇದ್ದು, ಸುಮಾರು 5 ಮಿಲಿಆಂಪಿಯರಿಗೇ ಬೀಳುವುದು. ಅಲ್ಲಿರುವ ಮಕ್ಕಳು ರಜೆಯಲ್ಲಿ ಬಂದಾಗ, ಇಲ್ಲಿಯ ಸಾಕೆಟ್ಟಿನಲ್ಲಿ ಗುಂಡಿ ಯಾಕಿಲ್ಲವೆಂದು ಕೇಳುವರು. ನಮ್ಮಲ್ಲಿ ಒಬ್ಬನೇ ಕಾವಲುಗಾರನು ಬಾಗಿಲಲ್ಲಿ ನಿಂತು ಇಡೀ ಮನೆಯನ್ನು ನೋಡಿಕೊಳ್ಳುವನೆಂಬುದೇ ಉತ್ತರ. 30 ಮಿಲಿಆಂಪಿಯರು ಸೋರಿದರೆ ಅವನು 0.3 ಸೆಕೆಂಡಿನೊಳಗೆ ವಿದ್ಯುತ್ತನ್ನು ಕಡಿಯಬೇಕು. ಮೈ ಜುಮ್ಮೆನ್ನುವುದು ತಪ್ಪದು; ಹೃದಯದ ಬಡಿತ ಕೆಡುವ ಮೊದಲು ಬಿಡುಗಡೆಯಾಗುವುದು.

ಇನ್ನು ಮಳೆಗಾಲದ ದೂರು. ಮುರಕಲ್ಲಿನ ಗೋಡೆ ನೀರು ಕುಡಿದಾಗ, ಅಂಗಳದ ದೀಪದೊಳಗೆ ಹನಿ ಸೇರಿದಾಗ, ಬಾವಿಯ ಪಂಪಿನ ತಂತಿ ಸವೆದಾಗ ಸೋರಿಕೆಯಾಗುವುದು ಸಹಜ. ಸ್ವಿಚ್ಚನ್ನು ತೆಗೆದರೆ ಸೋರಿಕೆ ನಿಲ್ಲದು, ಸುದ್ದಿ ನಿಲ್ಲುವುದಷ್ಟೆ. ಒಣಗಿದ ಕೈಯಿಂದ ಎಲ್ಲ ಪ್ಲಗ್ಗುಗಳನ್ನು ಕಿತ್ತು, ಎಂ.ಸಿ.ಬಿ.ಗಳನ್ನೆಲ್ಲ ಇಳಿಸಿ, ಆರ್.ಸಿ.ಸಿ.ಬಿ.ಯನ್ನು ಎತ್ತಬೇಕು. ಬಳಿಕ ಒಂದೊಂದನ್ನೇ ಏರಿಸಿ ಸಾಮಾನುಗಳನ್ನು ಒಂದೊಂದಾಗಿ ಜೋಡಿಸಿದರೆ, ಯಾವುದಕ್ಕೆ ಬೀಳುವುದೋ ಅದೇ ಅಪರಾಧಿ. ಹೆಚ್ಚಾಗಿ ಗೀಜರು, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ ಇವುಗಳಲ್ಲೊಂದು. ಎಲ್ಲವನ್ನೂ ಕಿತ್ತ ಮೇಲೂ ಬಿದ್ದರೆ ದೋಷವು ಗೋಡೆಯೊಳಗಿರಬಹುದು, ಪರವಾನಗಿಯುಳ್ಳವನನ್ನು ಕರೆಯತಕ್ಕದ್ದು. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ತಾವಾಗಿ ಬಿಚ್ಚಕೂಡದು.

ಬಹುಕಾಲ ಮುಟ್ಟದಿದ್ದರೆ ಯಂತ್ರದ ಕೀಲು ಹಿಡಿದುಕೊಳ್ಳುವುದುಂಟು, ನಮ್ಮ ಕಡಲಗಾಳಿಯಲ್ಲಂತೂ ಕೇಳಬೇಕಾದ್ದಿಲ್ಲ. ಆದುದರಿಂದ ಪ್ರತಿ ಸಂಕ್ರಮಣದಂದು ಆ ‘ಟಿ’ ಗುಂಡಿಯನ್ನೊಮ್ಮೆ ಒತ್ತಿರಿ. ಕೂಡಲೆ ಬೀಳಬೇಕು. ಬೀಳದಿದ್ದರೆ ಅದನ್ನು ರಿಪೇರಿ ಮಾಡಿಸದೆ ಬದಲಾಯಿಸುವುದೇ ಸರಿ. ಇನ್ವರ್ಟರು ಇಟ್ಟುಕೊಂಡವರು ಇನ್ನೊಂದು ಮಾತನ್ನು ಕೆಲಸಗಾರನಲ್ಲಿ ವಿಚಾರಿಸಿಕೊಳ್ಳಲಿ: ಅದರಿಂದ ನಡೆಯುವ ದೀಪ, ಫ್ಯಾನುಗಳ ತಂತಿಯು ಈ ಕಾವಲಿನ ಒಳಗಿದೆಯೋ ಹೊರಗಿದೆಯೋ ಎಂದು. ಅನೇಕ ಕಡೆ ಹೊರಗೇ ಉಳಿದಿರುವುದು.

ಒಂದು ಕೈಯಿಂದ ಒಂದು ತಂತಿಯನ್ನೂ ಇನ್ನೊಂದು ಕೈಯಿಂದ ಇನ್ನೊಂದನ್ನೂ ಹಿಡಿದವನನ್ನು ಈ ಯಂತ್ರ ಉಳಿಸಲಾರದು. ಹೋದದ್ದೆಲ್ಲ ಹಿಂದಿರುಗುವುದರಿಂದ ಲೆಕ್ಕ ಸರಿಯಾಗಿಯೇ ಕಾಣುವುದು. ಎಳೆಯ ಮಕ್ಕಳಿರುವ ಮನೆಯಲ್ಲಿ ತೂತುಗಳಿಗೆ ಒಳಮುಚ್ಚಳವುಳ್ಳ ಸಾಕೆಟ್ಟುಗಳನ್ನು ಹಾಕಿಸಬೇಕಾದದ್ದು ಇದಕ್ಕಾಗಿ. ಗುಂಡಿಯ ಪರೀಕ್ಷೆಯು ಅರ್ತಿಂಗಿನ ತಂತಿಯ ಬಗ್ಗೆಯೂ ಏನನ್ನೂ ತಿಳಿಸದು. ಅದನ್ನು ಬೇರೆಯಾಗಿ ಅಳೆಯಿಸಬೇಕು. ಮಣ್ಣಿನ ಹೆಸರನ್ನೇ ಹೊತ್ತ ಊರಿನಲ್ಲಿದ್ದರೂ ನಮ್ಮ ಮುರಮಣ್ಣು ಬೇಸಗೆಯಲ್ಲಿ ಒಣಗಿ, ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡದು. ಇದ್ದಲು, ಉಪ್ಪು ತುಂಬಿದ ಹಳೆಯ ಅರ್ತಿಂಗು ಗುಂಡಿಯಿದ್ದವರು ಮಳೆ ಬರುವ ತನಕ ತುಳಸಿಕಟ್ಟೆಗೆ ನೀರೆರೆಯುವಾಗ ಅದಕ್ಕೂ ಒಂದೆರಡು ಕೊಡ ಹೊಯ್ಯಲಿ.